ಮಗ್ಗದ ಹಿಂದೆ ಕೂತವರು

ಅದು ಈಸ್ಟರಿಗೆ ಮೂರು ವಾರ ಮುಂಚಿನ ಗುರುವಾರ, ಮಧ್ಯಾಹ್ನ ಮೂರೂವರೆ ಗಂಟೆ. ಪಾಠ ಮೂರಕ್ಕೇ ಶುರುವಾಗಬೇಕಿತ್ತು. ಉಪದೇಶಿ ಬೆನ್ಯಾಮೀನಪ್ಪನವರ ಬಳಿ ಕಲಿಯುತ್ತಿದ್ದ ಜ್ಞಾನಮಿತ್ರ ಅರ್ಧ ಗಂಟೆ ತಡವಾಗಿ ಬಂದ. ಅವನ ಎರಡೂ ಅಂಗೈ ಕಪ್ಪಾಗಿದ್ದವು. ದಾರಿಯಲ್ಲಿ ಒಬ್ಬ ಮುದುಕರ ಸೈಕಲ್ಲಿನ ಚೈನು ಕಳಚಿತ್ತು. ಅದನ್ನು ಹಾಕಿಕೊಡುವಷ್ಟರಲ್ಲಿ ಹೊತ್ತಾಗಿತ್ತು.

“ಅಯ್ಯನವರೇ, ಒಂದು ಸಂದೇಹ” ಎಂದ ಅವನು. “ಪ್ರಾರ್ಥನೆ ನಂಬಿಕೆಯ ಕೆಲಸ. ಉಪವಾಸ ನಂಬಿಕೆಯ ಕೆಲಸ. ನಿಮ್ಮ ಪಾಠಕ್ಕೆ ಹೊತ್ತಿಗೆ ಸರಿಯಾಗಿ ಬರುವುದೂ ಇರಬಹುದು. ಚೈನು ಹಾಕುವುದು? ಅದನ್ನು ದೇವರೇ ಇಲ್ಲ ಎನ್ನುವವನೂ ಮಾಡುತ್ತಾನೆ. ಹಾಗಿದ್ದ ಮೇಲೆ ಯೇಸುಸ್ವಾಮಿ ಇಂಥ ಚಿಕ್ಕ ಉಪಕಾರಗಳಿಗೆ ಅಷ್ಟು ಬೆಲೆ ಯಾಕೆ ಕೊಟ್ಟರು?”

ಗುರುಗಳು ಅವನ ಕೈ ನೋಡಿದರು. “ಹಿತ್ತಲಲ್ಲಿ ಸೀಗೆಪುಡಿ ಇದೆ. ತೊಳೆದುಕೊಂಡು ಬಾ” ಎಂದರು. ಅವನು ತೊಳೆದುಕೊಂಡು ಬಂದು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನ ನೇಕಾರರ ಓಣಿಯಲ್ಲಿ ಒಬ್ಬ ನೇಕಾರನಿದ್ದ. ಕ್ರೈಸ್ತ ಸಭೆಗೆ ಸೇರಿದ ಮನೆಗಳು ಆ ಓಣಿಯಲ್ಲಿ ಕೆಲವೇ. ಅವುಗಳಲ್ಲಿ ಅವನದೂ ಒಂದು. ಹೆಂಡತಿ ತೀರಿಕೊಂಡಿದ್ದಳು, ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಮನೆಯಲ್ಲಿ ಅವನು ಮತ್ತು ಅವನ ಮಗ್ಗ. ಅವನು ಒಳ್ಳೆಯ ಕೆಲಸಗಾರ. ದೇವರ ಭಯ ಉಳ್ಳವನು. ಆ ಭಯ ತನಗಿರುವಷ್ಟು ಯಾರಿಗೂ ಇಲ್ಲ ಎಂಬುದೊಂದು ಸಣ್ಣ ಸಂಕಟ ಮಾತ್ರ ಅವನಿಗೆ ಸದಾ ಇತ್ತು.

ಆ ವರ್ಷ ಈಸ್ಟರಿಗೆ ಮುಂಚಿನ ಉಪವಾಸಕಾಲವಾದ ಲೆಂಟಿನ ಮೊದಲ ಭಾನುವಾರ ಅವನು ಸಭೆಯಲ್ಲಿ ಎದ್ದು ನಿಂತು ಒಂದು ಹರಕೆ ಹೊತ್ತ. ಪ್ರಭುವಿನ ಮೇಜಿಗೆ ಹಾಸಲು ಒಂದು ಹೊಸ ಬಿಳಿ ಬಟ್ಟೆ ನೇಯ್ದು ಕೊಡುತ್ತೇನೆ, ಈಸ್ಟರಿನ ಬೆಳಗಿನ ಆರಾಧನೆಗೆ ಅದು ಮೇಜಿನ ಮೇಲಿರುತ್ತದೆ ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಉಪವಾಸವಿರದ, ಪ್ರಾರ್ಥನೆ ಮಾಡದ ಯಾವ ಕೈಯೂ ಅದನ್ನು ಮುಟ್ಟುವುದಿಲ್ಲ. ನಾನೊಬ್ಬನೇ ಮಾಡುತ್ತೇನೆ” ಎಂದೂ ಸೇರಿಸಿದ.

ಮೇಜಿನ ಹಳೆಯ ಬಟ್ಟೆಗೆ ಎಷ್ಟು ಕಡೆ ರಫು ಮಾಡಿದ್ದರೆಂದರೆ ಬಟ್ಟೆ ಯಾವುದು ರಫು ಯಾವುದು ತಿಳಿಯುತ್ತಿರಲಿಲ್ಲ. ಪಾದ್ರಿಗಳು ಸಂತೋಷಪಟ್ಟರು. ಅದೇ ವಾರ ಹಳೆಯದನ್ನು ಹರಿದು, ಗಾಯದ ಪಟ್ಟಿಗೆಂದು ಔಷಧಾಲಯಕ್ಕೆ ಕೊಟ್ಟುಬಿಟ್ಟರು. ಈಗ ನೇಕಾರನ ಬಟ್ಟೆ ಬಾರದಿದ್ದರೆ ಈಸ್ಟರಿನ ದಿನ ಮೇಜು ಬೋಳು.

ನೇಕಾರ ನೂಲು ತಂದ. ತಾನೇ ತೊಳೆದ, ತಾನೇ ಗಂಜಿ ಹಾಕಿದ. ಓಣಿಯವರೆಲ್ಲ ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದಕ್ಕೆ ಬರುವ ಎಳೆಗಳನ್ನು, ಬೀದಿಯಲ್ಲಿ ಚಾಚಿ, ಎಂಟು ಹತ್ತು ಜನ ಸೇರಿ ಗಂಜಿ ತಿಕ್ಕುತ್ತಿದ್ದರು. ಹರಟೆಯೂ ಹಾಡೂ ಅದರ ಜೊತೆಗೇ ಸಾಗುತ್ತಿದ್ದವು. ಇವನು ಹಿತ್ತಲಿನ ಬಾಗಿಲು ಹಾಕಿಕೊಂಡು ಒಬ್ಬನೇ ಮಾಡಿದ. ಒಂದು ಬೆಳಿಗ್ಗೆಯಲ್ಲಿ ಆಗುವ ಕೆಲಸಕ್ಕೆ ಅವನಿಗೆ ನಾಲ್ಕು ವಾರ ಹಿಡಿಯಿತು. ಆದರೂ ಗರಿಗಳ ಭಾನುವಾರದ ಹೊತ್ತಿಗೆ ನೂಲು ಸಿದ್ಧವಾಗಿತ್ತು. ಇನ್ನು ಮಗ್ಗಕ್ಕೆ ಏರಿಸುವುದೊಂದೇ ಉಳಿದಿತ್ತು. ಹಬ್ಬಕ್ಕೆ ಒಂದು ವಾರ ಕೈಯಲ್ಲಿತ್ತು.

ಹಳೆಯ ಹಾಸು ಮುಗಿದು ಹೊಸದನ್ನು ಏರಿಸುವಾಗ ನೇಕಾರರು ಒಂದು ಕೆಲಸ ಮಾಡುತ್ತಾರೆ. ಹಳೆಯ ಎಳೆಗಳನ್ನು ಪೂರ್ತಿ ಕೀಳುವುದಿಲ್ಲ. ಒಂದು ಮೊಳದಷ್ಟು ಬಾಲವನ್ನು ಮಗ್ಗದಲ್ಲೇ ಬಿಡುತ್ತಾರೆ. ಆಮೇಲೆ ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಒಂದೊಂದಾಗಿ ಹೊಸೆಯುತ್ತಾರೆ. ಇದನ್ನು ಕೆಚ್ಚುವುದು ಎನ್ನುತ್ತಾರೆ. ಕೆಚ್ಚಿ ಎಳೆದರೆ ಹಳೆಯದರ ಹಿಂದೆ ಹೊಸದು ತಾನಾಗಿ ಒಳಗೆ ಬರುತ್ತದೆ. ಒಂದು ದಿನದ ಕೆಲಸ.

ನೇಕಾರ ಆ ಬಾಲವನ್ನು ನೋಡಿದ. ಅದಕ್ಕೆ ಹಿಂದೆ ಅವನು ನೇಯ್ದದ್ದು ಒಂದು ನಾಟಕ ಕಂಪನಿಗೆ. ರಾಣಿ ಪಾತ್ರದ ಸೀರೆ. ದೇವರ ಮೇಜಿನ ಬಟ್ಟೆಯನ್ನು ನಾಟಕದ ರಾಣಿಯ ಸೀರೆಯ ಬಾಲಕ್ಕೆ ಹೊಸೆಯುವುದೇ? ಅವನ ಮನಸ್ಸು ಒಪ್ಪಲಿಲ್ಲ. ಭಾನುವಾರ ಆರಾಧನೆ ಮುಗಿಸಿ ಬಂದವನು ಬಾಲವನ್ನು ಒಂದೆಳೆ ಉಳಿಯದಂತೆ ಕಿತ್ತು ಒಲೆಗೆ ಹಾಕಿದ. ಮಗ್ಗ ಶುದ್ಧವಾಯಿತು ಎಂದುಕೊಂಡ.

ಬಾಲ ಹೋದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಸುಮಾರು ಎರಡು ಸಾವಿರ ಎಳೆ, ಒಂದೊಂದನ್ನೂ ಹೊಸದಾಗಿ ಪೋಣಿಸಬೇಕು. ಮಗ್ಗದ ಹಿಂಬದಿಯಿಂದ ಬಂದ ಎಳೆ ಮೊದಲು ದಾರದ ಒಂದು ಕುಣಿಕೆಯೊಳಗೆ ನುಗ್ಗಬೇಕು. ಆಮೇಲೆ ಬಾಚಣಿಗೆಯಂಥ ಹಣಿಗೆಯ ಒಂದು ಸಂದಿನಲ್ಲಿ ಮುಂದೆ ಬರಬೇಕು. ಹುಡುಗನಾಗಿದ್ದಾಗ ಅವನು ಒಮ್ಮೆ ಹೀಗೆ ಪೋಣಿಸಿದ್ದ. ಎರಡೇ ದಿನದಲ್ಲಿ ಮುಗಿದದ್ದು ನೆನಪಿತ್ತು. ಆಗ ಅಪ್ಪ ಮಗ್ಗದ ಹಿಂದೆ ಕೂತು ಒಂದೊಂದೇ ಎಳೆ ಕೊಡುತ್ತಿದ್ದ ಎಂಬುದು ಮಾತ್ರ ಮರೆತುಹೋಗಿತ್ತು.

ಸೋಮವಾರ ಬೆಳಕು ಹರಿದ ಕೂಡಲೇ ಸ್ನಾನ ಮಾಡಿ, ಪ್ರಾರ್ಥನೆ ಮಾಡಿ, ಮಗ್ಗದ ಮುಂದೆ ಕೂತ. ಕೊಕ್ಕೆಯ ತಂತಿಯನ್ನು ಹಣಿಗೆಯ ಸಂದಿನಲ್ಲಿ ತೂರಿಸಿ, ಕುಣಿಕೆಯಲ್ಲಿ ದಾಟಿಸಿದ. ಕೊಕ್ಕೆ ಆ ಕಡೆ ಬಾಯಿ ತೆರೆದು ನಿಂತಿತು. ಎಳೆ ಸಿಕ್ಕಿಸಲು ಅಲ್ಲಿ ಯಾರೂ ಇಲ್ಲ. ಎದ್ದ. ಮಗ್ಗ ಸುತ್ತಿ ಹಿಂದೆ ಹೋದ. ಎಳೆ ಸಿಕ್ಕಿಸಿದ. ಮಗ್ಗ ಸುತ್ತಿ ಮುಂದೆ ಬಂದ. ಎಳೆದ. ಒಂದು ಎಳೆ ಬಂತು.

ಮತ್ತೆ ಎದ್ದ.

ಎರಡನೆಯ ಎಳೆ ಬರುವಾಗ ದಾರಿಯಲ್ಲೇ ಕೊಕ್ಕೆ ಜಾರಿತು. ಮೂರನೆಯದಕ್ಕೆ ಮೊಣಕಾಲು ಮಗ್ಗದ ಗೂಟಕ್ಕೆ ಬಡಿಯಿತು. ಸಂಜೆಯೊಳಗೆ ಐವತ್ತು ಎಳೆಯೂ ಆಗಲಿಲ್ಲ. ದೀಪದ ಬೆಳಕಿನಲ್ಲಿ ಹಣಿಗೆಯ ಸಂದು ಅವನ ಕಣ್ಣಿಗೆ ಕಾಣುತ್ತಿರಲಿಲ್ಲ, ಆದ್ದರಿಂದ ಹಗಲು ಮುಗಿದರೆ ಕೆಲಸ ಮುಗಿದಂತೆ. ಅವನು ಕೂತು ಲೆಕ್ಕ ಹಾಕಿದ. ಈ ಗತಿಯಲ್ಲಿ ಹೋದರೆ ಬಟ್ಟೆ ಈಸ್ಟರಿನ ನಲವತ್ತನೆಯ ದಿನ ಬರುವ ಸ್ವರ್ಗಾರೋಹಣದ ಹಬ್ಬಕ್ಕೂ ಮುಗಿಯುವುದು ಅನುಮಾನ. ಬೋಳು ಮೇಜು ಕಣ್ಣಿಗೆ ಕಟ್ಟಿತು. ಹಳೆಯ ಬಟ್ಟೆ ಆಗಲೇ ಯಾರ ಯಾರದೋ ಮೊಣಕಾಲಿಗೆ, ಬೆರಳಿಗೆ ಸುತ್ತಿಕೊಂಡಿತ್ತು.

ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಯವಳು ಜರಡಿ ಕೇಳಲು ಬಂದಳು. ಓಣಿಯ ಮಗ್ಗಗಳಿಗೆಲ್ಲ ಕೆಚ್ಚುವವಳು ಅವಳೇ. ಬಾಗಿಲಲ್ಲಿ ನಿಂತು ನೋಡಿದಳು. ನೇಕಾರ ಮಗ್ಗ ಸುತ್ತುತ್ತಿದ್ದ. ಮತ್ತೆ ಸುತ್ತಿದ. ಮೂರನೆಯ ಸುತ್ತಿಗೆ ಅವಳಿಗೆ ತಡೆಯಲಾಗಲಿಲ್ಲ.

“ಏನಣ್ಣಾ, ಮಗ್ಗಕ್ಕ ಪ್ರದಕ್ಷಿಣಿ ಹಾಕಾಕ ಹತ್ತೀಯಲ್ಲ! ಇದು ಯಾವಾಗ ದೇವರಾತು?”

ನೇಕಾರ ನಾಲ್ಕನೆಯ ಸುತ್ತಿಗೆ ಹೊರಟ. ಅವಳು ಒಳಗೆ ಬಂದು ಹಣಿಗೆ ನೋಡಿದಳು. ಕೈ ಕೆನ್ನೆಗೆ ಹೋಯಿತು.

“ಬಾಲ ಎಲ್ಲೈತೋ?”

“ಒಲೀಗೆ ಹಾಕಿದೆ. ನಾಟಕದ ರಾಣಿ ಸೀರೀದು ಅದು.”

“ಛಲೋ ಮಾಡಿದಿ. ರಾಣಿ ಎಲ್ಲೇ ಇದ್ರೂ ನಗ್ತಿರಬೇಕು ಈಗ.”

ಹೀಗೆಂದರೂ ಅವಳು ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮಗ್ಗದ ಹಿಂದೆ ಕುಕ್ಕರಿಸಿದಳು. ಕೊಕ್ಕೆ ಬಾಯಿ ತೆರೆದುಕೊಂಡೇ ಇತ್ತು.

ನೇಕಾರ ಗಾಬರಿಯಾಗಿ ಕೇಳಿದ: “ತಡಿ, ತಡಿ. ಪ್ರಾರ್ಥನಾ ಮಾಡಿ ಬಂದೀಯೇನು? ಉಪವಾಸ ಅದೀಯೇನು?”

“ಒಲೀ ಮ್ಯಾಲೆ ಬ್ಯಾಳಿ ಇಟ್ಟು ಬಂದೀನಿ. ಅದು ಕುದಿಯೋತನಕ ನನಗ ಹೊತ್ತು. ಪ್ರಾರ್ಥನಾ ನೀ ಮಾಡು, ಎಳಿ ನಾ ಕೊಡ್ತೀನಿ.”

ಬೇಡ ಎನ್ನಲು ನೇಕಾರ ಬಾಯಿ ತೆರೆದ. ಕೊಕ್ಕೆಗೆ ಆಗಲೇ ಎಳೆ ಬಿದ್ದಿತ್ತು. ಹಾಗೇ ಬಿಡುವಂತಿಲ್ಲ, ಬಿಟ್ಟರೆ ಎಳೆ ತುಂಡಾಗುತ್ತದೆ. ಎಳೆದ. ಮತ್ತೆ ಕೊಕ್ಕೆ ತೂರಿಸಿದ. ಆ ಕಡೆಯಿಂದ ಇನ್ನೊಂದು ಬಿತ್ತು. ಮತ್ತೊಂದು. ಅವನು ಏಳಬೇಕಾಗಲೇ ಇಲ್ಲ. ಪಕ್ಕದ ಮನೆಯಿಂದ ಬೇಳೆ ಉಕ್ಕಿದ ವಾಸನೆ ಬರುವಷ್ಟರಲ್ಲಿ, ಹಿಂದಿನ ಇಡೀ ದಿನ ಆದದ್ದಕ್ಕಿಂತ ಹೆಚ್ಚು ಎಳೆ ಮುಂದೆ ಬಂದಿದ್ದವು. ಅವಳು ಜರಡಿಯನ್ನೂ ಮರೆತು ಓಡಿದಳು.

ನೇಕಾರ ಒಬ್ಬನೇ ಕೂತ. ಹರಕೆ ಮುರಿದಿತ್ತು. ಅದಕ್ಕೆ ದುಃಖವಾಗಬೇಕಿತ್ತು. ಹುಡುಕಿದ, ದುಃಖ ಸಿಗಲಿಲ್ಲ. ಅವಳು ಮತ್ತೆ ಯಾವಾಗ ಬರುತ್ತಾಳೆ ಎಂದು ಕಿವಿ ಬಾಗಿಲ ಕಡೆಗಿತ್ತು.

ಅವಳು ಬರಲಿಲ್ಲ. ಯುಗಾದಿಗೆ ಮುಂಚೆ ಆರು ಮಗ್ಗಗಳಿಗೆ ಕೆಚ್ಚುವುದಿತ್ತು. ಆದರೆ ಓಣಿಯಲ್ಲಿ ಅವಳ ಬಾಯಿ ಒಂದು ಸುತ್ತು ಬಂತು. ಸ್ವಲ್ಪ ಹೊತ್ತಿಗೆ ಕೊಡೆ ರಿಪೇರಿ ಮಾಡುವವನು ಬಾಗಿಲಲ್ಲಿ ಇಣುಕಿದ. ಬೇಸಿಗೆಯಲ್ಲಿ ಅವನಿಗೆ ಕೆಲಸವಿರಲಿಲ್ಲ. “ಎಲ್ಲಿ, ಅತ್ತಾಗ ಸರಿ” ಎಂದು ಹಿಂದೆ ಕೂತು, ಊಟದ ಹೊತ್ತಿನ ತನಕ ಎಳೆ ಕೊಟ್ಟ. ಅವನು ಎದ್ದ ಮೇಲೆ ಎದುರು ಮನೆಯ ಹೊಸ ಸೊಸೆ ಬಂದಳು. ಅವಳು ಒಂದೂ ಮಾತಾಡಲಿಲ್ಲ. ಓಣಿಯಲ್ಲಿ ಎಲ್ಲರಿಗಿಂತ ಚುರುಕು ಅವಳ ಬೆರಳು. ಅತ್ತೆ ಮೂರನೆಯ ಸಲ ಕೂಗಿದ ಮೇಲೆ ಎದ್ದು ಹೋದಳು.

ಅಂಚೆಯವನು ಪತ್ರ ಕೊಡಲು ಬಂದವನು ಬಿಸಿಲು ಇಳಿಯಲಿ ಎಂದು ಕೂತ. ಉತ್ಸಾಹ ಜಾಸ್ತಿ, ಗಮನ ಕಡಿಮೆ. ಒಂದರ ಬದಲು ಇನ್ನೊಂದು ಕೊಟ್ಟು, ಹನ್ನೆರಡು ಎಳೆ ತಿರುವುಮುರುವು ಮಾಡಿದ. ಎಲ್ಲ ಬಿಚ್ಚಬೇಕಾಯಿತು.

“ಓಣಿ ಕಾಗದಾನೂ ಹಿಂಗ ಹಂಚ್ತೀಯೇನೋ?” ಎಂದ ನೇಕಾರ.

“ಇಲ್ರೀ, ಅವಕ್ಕ ವಿಳಾಸ ಇರ್ತದ” ಎಂದ ಅಂಚೆಯವನು.

ನೇಕಾರ ನಕ್ಕ. ಲೆಂಟು ಶುರುವಾದ ಮೇಲೆ ಅವನು ನಕ್ಕದ್ದು ಅದೇ ಮೊದಲು. ತನ್ನ ನಗೆಯ ಸದ್ದಿಗೆ ತಾನೇ ಬೆಚ್ಚಿದ.

ಬುಧವಾರ, ನೂಲಿಗೆ ಬಣ್ಣ ಹಾಕುವ ಬಣ್ಣಗಾರ ಅಜ್ಜ ಬಂದ. ಮಸೀದಿಗೆ ಹೋಗುವ ದಾರಿಯಲ್ಲಿದ್ದ, ನಮಾಜಿಗೆ ಇನ್ನೂ ಹೊತ್ತಿತ್ತು. ಅವನ ಬೆರಳುಗಳು ಉಗುರಿನ ತನಕ ನೀಲಿ. ನೇಕಾರ ಕೊಕ್ಕೆಯನ್ನು ಹಿಂದಕ್ಕೆ ಎಳೆದುಕೊಂಡ. ಬಿಳಿ ನೂಲು!

ಅಜ್ಜ ಅವನ ಮುಖ ನೋಡಿ ಬೆರಳನ್ನು ತನ್ನ ಬಿಳಿ ಅಂಗಿಗೆ ಜೋರಾಗಿ ತಿಕ್ಕಿ ತೋರಿಸಿದ. ಅಂಗಿ ಬೆಳ್ಳಗೇ ಇತ್ತು. “ನಲವತ್ತು ವರ್ಷದ ಬಣ್ಣ, ಮಗನಾ. ನನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ” ಎಂದ. ನೇಕಾರ ತಲೆ ತಗ್ಗಿಸಿ ಕೊಕ್ಕೆ ತೂರಿಸಿದ.

ಮಧ್ಯಾಹ್ನ ನಾಟಕ ಕಂಪನಿಯವನೇ ಬಂದ. ರಾಣಿಯ ಸೀರೆಗೆ ಹೊಂದುವ ಒಂದು ತುಂಡು ಬಟ್ಟೆ ಸಿಗುತ್ತದೆಯೇ ಎಂದು ಕೇಳಲು ಬಂದಿದ್ದ. ಅವನ ಕಿವಿಯ ಹಿಂದೆ ಹಿಂದಿನ ದಿನದ ಬಣ್ಣ ಇನ್ನೂ ಇತ್ತು. ಅವನೂ ಕೂತ. ಕೂತವನು ಸುಮ್ಮನಿರಲಿಲ್ಲ, ಹಾಡಿದ. ಲೆಂಟಿನಲ್ಲಿ ನಾಟಕದ ಹಾಡು ಕೇಳಬಾರದೆಂದು ನೇಕಾರ ನಿಯಮ ಮಾಡಿಕೊಂಡಿದ್ದ. ಆದರೆ ತಾಳಕ್ಕೆ ಸರಿಯಾಗಿ ಎಳೆ ಬೀಳುತ್ತಿತ್ತು, ತಾಳಕ್ಕೆ ಸರಿಯಾಗಿ ಕೊಕ್ಕೆ ಓಡುತ್ತಿತ್ತು. ನೇಕಾರ ಬಾಯಿ ಬಿಗಿ ಹಿಡಿದುಕೊಂಡ. ಕಾಲಿನ ಹೆಬ್ಬೆರಳು ಮಾತ್ರ ಅವನ ಮಾತು ಕೇಳಲಿಲ್ಲ.

ಅದೇ ಹೊತ್ತಿಗೆ ಪಾದ್ರಿಗಳು ಬಂದರು. ಬಟ್ಟೆ ಎಲ್ಲಿಗೆ ಬಂತು ಎಂದು ವಿಚಾರಿಸಲು ಬಂದಿದ್ದರು. ನೇಕಾರ ಕೊಕ್ಕೆ ಕೆಳಗಿಟ್ಟ. ಹರಕೆ ಕೇಳಿದ್ದವರು ಅವರೇ.

“ಅಯ್ಯನವರೇ, ನಾನು ಮಾತು ತಪ್ಪಿದೆ” ಎಂದ.

ಪಾದ್ರಿಗಳು ಒಳಗೆ ನೋಡಿದರು. ಮಗ್ಗದ ಹಿಂದೆ ನಾಟಕದವನು ಕೂತಿದ್ದ. ಗೋಡೆಗೆ ಒರಗಿ ಚಹಾ ಅಂಗಡಿಯವನು, ಅವನ ಪಕ್ಕದಲ್ಲಿ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡ ಒಬ್ಬ ತಾಯಿ ಕಾಯುತ್ತಿದ್ದರು.

“ಸರತಿ ಐತೇನು?” ಎಂದು ಕೇಳಿದರು ಪಾದ್ರಿಗಳು.

“ಐತ್ರೀ. ನೀವು ನನ್ನ ಹಿಂದೆ” ಎಂದಳು ತಾಯಿ.

ಪಾದ್ರಿಗಳು ಚಪ್ಪಲಿ ಬಿಟ್ಟು ಅವಳ ಹಿಂದೆ ಕೂತರು. ಅವಳ ಸರತಿ ಬಂದಾಗ ಕೂಸನ್ನು ಅವರು ಎತ್ತಿಕೊಂಡರು. ಕೂಸು ಅವರ ಕನ್ನಡಕ ಕಿತ್ತಿತು.

ಬುಧವಾರ ಸಂಜೆ, ಬೆಳಕು ಹೋಗುವ ಮುನ್ನ, ಕೊನೆಯ ಎಳೆ ಹಣಿಗೆಯಿಂದ ಹೊರಬಂತು. ಆ ಹೊತ್ತು ಮಗ್ಗದ ಹಿಂದೆ ಯಾರು ಕೂತಿದ್ದರು ಎಂದು ನೇಕಾರ ಎದ್ದು ನೋಡುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಚಹಾ ಅಂಗಡಿಯವನು ಎಂದು ಕೆಲವರು, ಅಲ್ಲ ಎಂದು ಕೆಲವರು. ಇವತ್ತಿಗೂ ತೀರ್ಮಾನವಾಗಿಲ್ಲ.

ಆ ಸಂಜೆ ಅವನು ಪ್ರಾರ್ಥನೆಗೆ ಮೊಣಕಾಲೂರಿದ. ದಿನವೂ ಅವನ ಪ್ರಾರ್ಥನೆ ಉದ್ದ, ಅಚ್ಚುಕಟ್ಟಾದ ಮಾತುಗಳು. ಅವತ್ತು ಆ ಮಾತುಗಳು ಯಾವುವೂ ಬಾಯಿಗೆ ಬರಲಿಲ್ಲ. ಕೊಡೆಯವನ ಹೆಸರು ಬಂತು. ಸೊಸೆಯ ಹೆಸರು ಅವನಿಗೆ ಗೊತ್ತಿರಲಿಲ್ಲ, “ಎದುರು ಮನೆಯವಳು” ಎಂದ. ಹೀಗೆ ಒಬ್ಬೊಬ್ಬರನ್ನೇ ನೆನೆದು ಆಮೆನ್ ಹೇಳಿದ. ಹೊಟ್ಟೆ ತುಂಬಿದಂತಾಯಿತು. ಉಪವಾಸವಿದ್ದೇನೆ ಎಂಬುದು ಆಮೇಲೆ ನೆನಪಾಯಿತು.

ಮರುದಿನ ಗುರುವಾರ ನೇಯಲು ಕೂತ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ದಿನ ಅದು. ಲಾಳಿ ಓಡಿಸುತ್ತಾ ಆ ಶಿಷ್ಯರಲ್ಲಿ ಒಬ್ಬನು ಅವನಿಗೆ ಮತ್ತೆ ಮತ್ತೆ ನೆನಪಾದ. ನನ್ನ ಕಾಲು ನೀವು ತೊಳೆಯಕೂಡದು ಎಂದು ಹಟ ಹಿಡಿದವನು. ಎಷ್ಟು ವರ್ಷದಿಂದ ಅದನ್ನು ಕೇಳುತ್ತಿದ್ದ! ಪ್ರತಿ ಸಲವೂ ಆ ಶಿಷ್ಯನ ಭಕ್ತಿ ದೊಡ್ಡದು ಎಂದುಕೊಂಡಿದ್ದ. ಸ್ವಾಮಿ ಯಾಕೆ ಅವನ ಮಾತಿಗೆ ಒಪ್ಪಲಿಲ್ಲ ಎಂಬುದು ಈ ಸಲ ತಿಳಿಯಿತು. ಕೊಡುವವರು ಬಗ್ಗಿ ಕೂತಾಗ, ತೆಗೆದುಕೊಳ್ಳುವವನು ಕಾಲು ಚಾಚಲೇಬೇಕು. ನೇಕಾರ ಮಗ್ಗದ ಗುಂಡಿಯಲ್ಲಿದ್ದ ತನ್ನ ಕಾಲು ನೋಡಿಕೊಂಡು ನಕ್ಕ. ಇದು ಎರಡನೆಯ ಸಲ.

ಶುಕ್ರವಾರ ಸ್ವಾಮಿ ಶಿಲುಬೆಗೇರಿದ ದಿನ, ಮಗ್ಗ ಮುಟ್ಟಲಿಲ್ಲ. ಶನಿವಾರ ಬೆಳಿಗ್ಗೆಯಿಂದ ಬಾಗಿಲು ಪೂರ್ತಿ ತೆರೆದಿಟ್ಟು ನೇಯ್ದ. ಒಬ್ಬರು ನೀರು ತಂದಿಟ್ಟರು, ಒಬ್ಬರು ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟರು. ಹೊತ್ತು ಮುಳುಗುವ ಮುನ್ನ ಬಟ್ಟೆ ಮಗ್ಗದಿಂದ ಇಳಿಯಿತು.

ಈಸ್ಟರಿನ ಬೆಳಗು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಸೂರ್ಯ ಹುಟ್ಟುವಾಗ ಪೂರ್ವದ ಕಿಟಕಿಯ ಬೆಳಕು ನೇರ ಅದರ ಮೇಲೆ ಬಿತ್ತು. ಆ ಸಭೆಯಲ್ಲಿ ಒಂದು ಪದ್ಧತಿ. ಹಬ್ಬಕ್ಕೆ ಕಾಣಿಕೆ ಕೊಟ್ಟವರ ಹೆಸರನ್ನು ಪಾದ್ರಿಗಳು ಕೇಳುತ್ತಾರೆ, ಕೊಟ್ಟವರು ಎದ್ದು ಹೇಳುತ್ತಾರೆ.

“ಈ ಬಟ್ಟೆ ಯಾರ ಕಾಣಿಕೆ?” ಎಂದು ಪಾದ್ರಿಗಳು ಕೇಳಿದರು. ಅವರ ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿತ್ತು.

ನೇಕಾರ ಎದ್ದು ನಿಂತ. ತನ್ನ ಹೆಸರು ಹೇಳಲಿಲ್ಲ. “ಪಕ್ಕದ ಮನೆಯಾಕಿ, ಬ್ಯಾಳಿ ಕುದಿಯೋತನಕ” ಎಂದ. “ಕೊಡೆ ರಿಪೇರಿಯವ, ಊಟದ ಹೊತ್ತಿನ ತನಕ. ಬಣ್ಣದ ಅಜ್ಜ, ನಮಾಜಿನ ತನಕ. ಅಂಚೆಯವ, ಬಿಸಿಲು ಇಳಿಯೋತನಕ. ಅವನವು ಹನ್ನೆರಡು ಬಿಚ್ಚಿದ್ವಿ.” ಹೀಗೆ ಹೇಳುತ್ತಾ ಹೋದ. ಜನ ಅಲ್ಲಲ್ಲಿ ನಗತೊಡಗಿದರು. ನಡುವೆ ಬಾಗಿಲ ಕಡೆಯಿಂದ ಗುಸುಗುಸು ಕೇಳಿತು. ಎಲ್ಲರೂ ತಿರುಗಿ ನೋಡಿದರು. ಅರ್ಧ ಓಣಿ ಅಲ್ಲಿ ನಿಂತಿತ್ತು. ತಮ್ಮ ತಮ್ಮ ಎಳೆ ನೋಡಲು ಬಂದಿದ್ದರು.

“ಆ ಅಂಚಿನ ಬಾಜೂಕಿನವು ನನ್ನವು” ಎನ್ನುತ್ತಿದ್ದ ಚಹಾ ಅಂಗಡಿಯವನು.

“ಹೋಗೋ, ಅಂಚು ನಂದು. ನಿಂದು ನಡುವ ಎಲ್ಲೋ ಐತಿ” ಎಂದಳು ಕೂಸಿನ ತಾಯಿ.

ನೇಕಾರನನ್ನೇ ಕರೆದು ಕೇಳಿದರು. ಅವನು ಬಟ್ಟೆಯ ಹತ್ತಿರ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಎಲ್ಲವೂ ಒಂದೇ ಬಿಳುಪು. ಯಾವುದು ಯಾರದು ಅವನಿಗೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳುವಾಗ ಅವನ ಮುಖದಲ್ಲಿದ್ದಷ್ಟು ಸಂತೋಷವನ್ನು ಆ ಸಭೆ ಯಾವ ಹಬ್ಬದಲ್ಲೂ ಕಂಡಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಜ್ಞಾನಮಿತ್ರ ನಗುತ್ತಿದ್ದ. ಆದರೂ ಸಂದೇಹದ ಒಂದು ಚೂರು ಉಳಿದಿತ್ತು. ಅವನು ಎಲ್ಲವನ್ನೂ ವಿಂಗಡಿಸಿ ನೋಡುವ ಸ್ವಭಾವದವನು.

“ಅಯ್ಯನವರೇ, ಮಗ್ಗದ ಹಿಂದೆ ಕೂತವರಲ್ಲಿ ನಂಬಿಕೆ ಇದ್ದವರು ಎಷ್ಟು ಮಂದಿ?” ಎಂದು ಕೇಳಿದ.

ಗುರುಗಳು ಹೇಳಿದರು: “ಅದನ್ನು ಯಾರೂ ಎಣಿಸಲಿಲ್ಲ. ಎಣಿಸಿದ್ದು ಎಳೆಗಳನ್ನು: ಸಾವಿರದ ಒಂಬೈನೂರ ಇಪ್ಪತ್ತು.”